ಸ್ಮಿತ್‌ಫೀಲ್ಡ್ ಸಂತೆಯಿಂದ ಕಣ್ಗಾವಲು ಕ್ಯಾಮೆರಾದವರೆಗೆ

ಲಂಡನ್ನಿಗೆ ಮಾಂಸ ಒದಗಿಸುತ್ತಿದ್ದ ಸ್ಮಿತ್‌ಫೀಲ್ಡ್ ದನದ ಸಂತೆ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಊರೊಳಗೇ ನಡೆಯುತ್ತಿದ್ದುದರಿಂದ, ವರ್ಷಕ್ಕೆ 2 ಲಕ್ಷಕ್ಕೂ ಮಿಕ್ಕ ದನಗಳೂ ಸುಮಾರು 15 ಲಕ್ಷ ಕುರಿಗಳೂ ಜನನಿಬಿಡವಾದ ಇಕ್ಕಟ್ಟು ಬೀದಿಗಳನ್ನು ಹಾದೇ ಅಲ್ಲಿಗೆ ಬರಬೇಕಾಗಿತ್ತು. ಜಾಗ ಸಾಲದಾದಾಗ ದನಗಳ ಮೂತಿಗೂ ಕಾಲಿಗೂ ದೊಣ್ಣೆಯಿಂದ ಬಡಿದು, ತಲೆಗಳೆಲ್ಲ ಒಳಮುಖವಾಗುವಂತೆ ಒತ್ತೊತ್ತಾಗಿ ಸುತ್ತುಗಟ್ಟಿ ನಿಲ್ಲಿಸುತ್ತಿದ್ದರು. ಸುತ್ತಮುತ್ತಲ ಕಟುಕರು ಅಂಗಡಿಯ ಹಿತ್ತಿಲಿನಲ್ಲೋ ನೆಲಮಾಳಿಗೆಯಲ್ಲೋ ಅವನ್ನು ಕಡಿಯುತ್ತಿದ್ದರು. ಮಾಂಸ ತಿನ್ನುವ ಊರಿಗೆ ಆ ಮಾಂಸದ ಹಿಂದಿನ ನೋವು ಕಾಣದಿರಲು ಸಾಧ್ಯವೇ ಇರಲಿಲ್ಲ.

ದನ, ಕುರಿ, ಕುದುರೆಗಳನ್ನು ಕ್ರೂರವಾಗಿ ಹೊಡೆಯುವುದನ್ನು ದಂಡನಾರ್ಹಗೊಳಿಸಿದ 1822ರ ಕಾನೂನನ್ನು ಸಂಸದ ರಿಚರ್ಡ್ ಮಾರ್ಟಿನ್ ಮಂಡಿಸಿದ್ದು ಇಂಥ ಕಾಲದಲ್ಲಿ. ಅದು ಕಾಗದದಲ್ಲೇ ಉಳಿಯಬಾರದೆಂದು 1824ರಲ್ಲಿ ಸ್ಥಾಪನೆಯಾದ ಪ್ರಾಣಿಹಿಂಸಾ ನಿವಾರಣಾ ಸಂಘವು ಸಂತೆಗೆ ತನ್ನ ಪರೀಕ್ಷಕರನ್ನು ಕಳಿಸಿ ತಪ್ಪಿತಸ್ಥರನ್ನು ನ್ಯಾಯಾಲಯಕ್ಕೆ ಎಳೆಯಿತು. ಕೃತ್ಯ ಬಯಲಿನಲ್ಲಿ ನಡೆಯುತ್ತಿದ್ದುದರಿಂದಲೇ ಸಾಕ್ಷಿ ಸಿಗುತ್ತಿತ್ತೆಂಬುದು ಇಲ್ಲಿ ಗಮನಾರ್ಹ.

ಸುಧಾರಣೆಯ ಮತ್ತೊಂದು ಧಾರೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹರಿಯಿತು. ನೆಪೋಲಿಯನ್ನನ ಆಜ್ಞೆಯಂತೆ ಪ್ಯಾರಿಸ್ಸಿನ ಅಂಚಿನಲ್ಲಿ ಕಟ್ಟಲಾದ ಐದು ಸಾರ್ವಜನಿಕ ಕಸಾಯಿಖಾನೆಗಳು 1818ರಲ್ಲಿ ಆರಂಭವಾಗಿದ್ದವು. ಫ್ರೆಂಚರು ಅವಕ್ಕಿಟ್ಟ 'ಅಬಟ್ವಾರ್' ಎಂಬ ಹೆಸರು, ಅಂದರೆ ಕೆಡವುವ ಜಾಗ, ಇಂಗ್ಲಿಷಿಗೂ ಬಂತು. ಅದೇ ಮಾದರಿಯನ್ನು ನೆನಪಿಸುವಂತೆ ಲಂಡನ್ನಿನ ಜೀವಂತ ಜಾನುವಾರುಗಳ ಸಂತೆಯೂ 1855ರಲ್ಲಿ ಉತ್ತರದ ಇಸ್ಲಿಂಗ್ಟನ್ನಿಗೆ ಹೋಯಿತು. ದುರ್ನಾತ, ರೋಗಭಯ, ಸಂಚಾರದ ಅಡಚಣೆ ಇವೆಲ್ಲ ನಿಜವಾದ ಕಾರಣಗಳೇ. ಆದರೆ ಪಶುವಿನ ನೋವಿಗಿಂತ ನೋಡುವವರ ಕಸಿವಿಸಿಯೇ ಆ ಸ್ಥಳಾಂತರದಲ್ಲಿ ಹೆಚ್ಚು ಬೇಗ ನಿವಾರಣೆಯಾಯಿತೆನ್ನದೆ ವಿಧಿಯಿಲ್ಲ.

ಧಾರ್ಮಿಕ ವಧಾವಿಧಾನಗಳಿಗೆ ವಿನಾಯಿತಿ ಕೊಟ್ಟು, ದನಗಳನ್ನು ಯಂತ್ರಸಾಧನದಿಂದ ತಕ್ಷಣ ಪ್ರಜ್ಞೆ ತಪ್ಪಿಸಿಯೇ ಕೊಲ್ಲಬೇಕೆಂದು 1933ರ ಬ್ರಿಟಿಷ್ ಕಾಯ್ದೆ ವಿಧಿಸಿತಾದರೂ, ಮುಚ್ಚಿದ ಗೋಡೆಗಳೊಳಗೆ ಅದು ಪಾಲನೆಯಾಗುತ್ತಿದೆಯೇ ಎಂಬುದನ್ನು ಹೊರಗಿನವರು ಅರಿಯುವ ದಾರಿ ಇರಲಿಲ್ಲ. ಇತ್ತೀಚಿನ ದಶಕಗಳಲ್ಲಿ ಪ್ರಾಣಿಹಿತದ ಹೋರಾಟಗಾರರು ಗುಟ್ಟಾಗಿ ಇರಿಸಿದ ಕ್ಯಾಮೆರಾಗಳು ಹೊರತಂದ ದೃಶ್ಯಗಳೇ ಆ ಮೌನವನ್ನು ಒಡೆದವು. ಇಂಗ್ಲೆಂಡಿನಲ್ಲಿ 2018ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಜೀವಂತ ಪ್ರಾಣಿಗಳಿರುವ ಕಸಾಯಿಖಾನೆಯ ಪ್ರತಿಯೊಂದು ಭಾಗದಲ್ಲೂ ಸಿಸಿಟಿವಿ ಇರಬೇಕು, ಚಿತ್ರಿಕೆಯನ್ನು 90 ದಿನ ಕಾಪಿಡಬೇಕು, ಸರ್ಕಾರಿ ಪಶುವೈದ್ಯರು ಕೇಳಿದಾಗ ತೋರಿಸಬೇಕು. ಸ್ಕಾಟ್ಲೆಂಡ್ 2021ರಲ್ಲಿ, ವೇಲ್ಸ್ 2024ರಲ್ಲಿ ಇದೇ ದಾರಿ ಹಿಡಿದವು. ಇದು ದೊಡ್ಡ ಹೆಜ್ಜೆಯೇ ಆದರೂ ಅರ್ಧ ಹೆಜ್ಜೆ: ಆ ಚಿತ್ರಿಕೆಯನ್ನು ಸಾರ್ವಜನಿಕರಿಗೆ ತೋರಿಸಬೇಕೆಂಬ ಹೊಣೆಯನ್ನು ಇಂಗ್ಲೆಂಡಿನ ನಿಯಮವು ಯಾರ ಮೇಲೂ ಹೊರಿಸಿಲ್ಲ.