ಗಡಿ ದಾಟದ ಹೆಸರು

ಮುಂಬಯಿ ಪ್ರಾಂತ್ಯಕ್ಕಾಗಿ 1791ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಹಾಕಿಸಿದ ತಾಮ್ರದ ನಾಣ್ಯವೊಂದಿದೆ. ಅದರ ಒಂದು ಮಗ್ಗುಲಲ್ಲಿ ತಕ್ಕಡಿ; ತಟ್ಟೆಗಳ ನಡುವೆ ಅರಬ್ಬೀ ಲಿಪಿಯಲ್ಲಿ ‘ಆದಿಲ್’, ಅಂದರೆ ನ್ಯಾಯವಂತ, ಎಂಬ ಮಾತು. ಇನ್ನೊಂದು ಮಗ್ಗುಲಲ್ಲಿ ಹೃದಯದಾಕಾರದ ಗುರುತು. ಅದರೊಳಗೆ ಈಸ್ಟ್ ಇಂಡಿಯಾ ಕಂಪನಿಯ ಅಕ್ಷರಗಳು, ನೆತ್ತಿಯ ಮೇಲೆ ಇಂಗ್ಲಿಷಿನ ನಾಲ್ಕರ ಅಂಕಿಯನ್ನು ಹೋಲುವ ಗೀಟು. ಇದು ರಾಜಲಾಂಛನವಲ್ಲ. ಕಂಪನಿಯು ತನ್ನ ಸರಕಿನ ಬೇಲುಗಳ ಮೇಲೆ ಒತ್ತುತ್ತಿದ್ದ ವ್ಯಾಪಾರದ ಗುರುತು. 1613ರಲ್ಲಿ ಸೂರತ್ತಿನಲ್ಲಿ ಕೋಠಿ ತೆರೆದ ವರ್ತಕರ ಮುದ್ರೆ ಎರಡು ಶತಮಾನ ತುಂಬುವ ಮೊದಲೇ ನಾಣ್ಯದ ಮೇಲೇರಿ ಕುಳಿತಿತ್ತು. ವ್ಯಾಪಾರದ ಹೆಸರಿನ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ಬಲ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದು ಬೇರೆಯೇ ಕಥೆ. ಗುಜರಾತಿನಲ್ಲಿ ನೆಲೆಸಿ, ಮಕ್ಕಳನ್ನು ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸಿಕೊಟ್ಟಿರುವ ನಮ್ಮಂಥ ಕನ್ನಡಿಗರು ಆ ಕಥೆಯನ್ನು ತಿಳಿದಿರಬೇಕು.

ಸೂರತ್ತಿಗೆ ಮೊಗಲರ ಕಾಲದಲ್ಲಿ ‘ಮಕ್ಕಾದ ಬಾಗಿಲು’ ಎಂಬ ಹೆಸರಿತ್ತು. ಹಜ್ ಯಾತ್ರಿಕರೊಡನೆ ಬಟ್ಟೆಯ ಮೂಟೆಗಳೂ ಹಡಗೇರಿ ಮೋಖಾ, ಬಸ್ರಾಗಳ ದಾರಿ ಹಿಡಿಯುತ್ತಿದ್ದವು. ಭಾಷೆ ಬೇರೆ, ಲಿಪಿ ಬೇರೆ ಆದ ಬಂದರಿನಲ್ಲಿ ಮೂಟೆ ಯಾರದೆಂದು ಹೇಳುತ್ತಿದ್ದುದು ಅದರ ಮೇಲಿನ ಗುರುತೊಂದೇ. ಮುಂದೆ ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರು 1861ರಲ್ಲಿ ಮೊದಲ ಹತ್ತಿಗಿರಣಿ ನಡೆಸಿದ ಮೇಲೆ ಗುರುತಿನ ಕೆಲಸ ಇನ್ನೂ ಹೆಚ್ಚಿತು. ತಾನಿನ ಮೇಲೆ ಬಣ್ಣದ ಚೀಟಿ ಅಂಟಿಸುವ ರೂಢಿ ಬಂತು. ದೇವರು, ಪ್ರಾಣಿ, ಹೂವು, ರೈಲು ಎಲ್ಲವೂ ಆ ಚೀಟಿಗಳಲ್ಲಿ ಚಿತ್ರಗಳಾದವು. ಓದು ಬಾರದ ಗಿರಾಕಿ ಗಿರಣಿಯ ಹೆಸರನ್ನು ಕೇಳುತ್ತಿರಲಿಲ್ಲ. ಚಿತ್ರವನ್ನು ಹೇಳಿ ಬಟ್ಟೆ ಕೇಳುತ್ತಿದ್ದ. ನಮ್ಮೂರುಗಳಲ್ಲಿ ‘ಆನೆ ಛಾಪು’, ‘ಕುದುರೆ ಮಾರ್ಕು’ ಎನ್ನುತ್ತಿದ್ದುದೂ ಇದೇ ನ್ಯಾಯದಿಂದ. 1934ರಲ್ಲಿ ಹುಟ್ಟಿದ ಅಹಮದಾಬಾದಿನ ‘ವಾಘ್ ಬಕ್ರಿ’ ಚಹಾದ ಗುರುತಿನಲ್ಲಿ ಹುಲಿಯೂ ಆಡೂ ಒಂದೇ ಬಟ್ಟಲಿಗೆ ಬಾಯಿಟ್ಟಿವೆ. ಅದನ್ನು ಗುರುತಿಸಲು ಅಕ್ಷರಜ್ಞಾನ ಬೇಡ.

ಬೆಲೆಬಾಳುವ ಗುರುತಿಗೆ ಕಳ್ಳರೂ ಇರುತ್ತಾರೆ. 1889ರ ಸರಕುಮುದ್ರೆ ಕಾಯಿದೆಯು ಸುಳ್ಳು ಮುದ್ರೆ ಒತ್ತಿದವನನ್ನು ಶಿಕ್ಷಿಸುತ್ತಿತ್ತು. ಆದರೆ ನಿಜವಾದ ಒಡೆಯ ಯಾರೆಂದು ಬರೆದಿಡುವ ದಫ್ತರವೇ ಆಗ ಇರಲಿಲ್ಲ. ಆದ್ದರಿಂದ ವರ್ತಕರು ದಸ್ತಾವೇಜು ನೋಂದಣಿ ಕಚೇರಿಗೆ ಹೋಗಿ ‘ಈ ಮುದ್ರೆ ನಮ್ಮದು’ ಎಂದು ಘೋಷಣಾಪತ್ರ ದಾಖಲಿಸುತ್ತಿದ್ದರು, ಪತ್ರಿಕೆಗಳಲ್ಲಿ ಎಚ್ಚರಿಕೆಯ ಪ್ರಕಟಣೆ ಹಾಕಿಸುತ್ತಿದ್ದರು. ವ್ಯಾಪಾರಮುದ್ರೆಗಳ ನೋಂದಣಿಗೆಂದೇ ಆದ ಮೊದಲ ಕಾಯಿದೆ ಬಂದದ್ದು 1940ರಲ್ಲಿ. ಅದು ಜಾರಿಯಾದದ್ದು 1942ರ ಜೂನ್ 1ರಂದು. ಒಮ್ಮೆ ನೋಂದಾಯಿಸಿದರೆ ಏಳು ವರ್ಷ ರಕ್ಷಣೆ, ಆಮೇಲೆ ನವೀಕರಣ.

ಇಲ್ಲಿಯೇ ನಮ್ಮ ಕಥೆಯ ತಿರುವು. ಆ ಕಾಯಿದೆ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದಲ್ಲಿ ಮಾತ್ರ. ಅಹಮದಾಬಾದು, ಸೂರತ್ತುಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅವೆರಡರ ನಡುವಿನ ವಡೋದರಾ ಗಾಯಕವಾಡರ ಸಂಸ್ಥಾನದ ರಾಜಧಾನಿ. ಅಹಮದಾಬಾದಿನ ವರ್ತಕನ ಸರಕು ನೂರು ಕಿಲೋಮೀಟರು ರೈಲಿನಲ್ಲಿ ಸಾಗಿ ವಡೋದರಾದಲ್ಲಿ ಇಳಿಯುತ್ತಿತ್ತು. 1940ರ ಕಾಯಿದೆ ಕೊಟ್ಟ ಹಕ್ಕು ಮಾತ್ರ ಅದರೊಡನೆ ತಾನಾಗಿ ಇಳಿಯುತ್ತಿರಲಿಲ್ಲ. ಅತ್ತ ನಮ್ಮ ಮೈಸೂರೂ ಆ ಕಾಯಿದೆಯ ಗಡಿಯಾಚೆಯದೇ. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಕಟ್ಟಿ, ಅದರ ಬೆನ್ನಿಗೇ ಸಾಬೂನು ತಯಾರಿಸಿ, ಆನೆಯ ಸೊಂಡಿಲೂ ಸಿಂಹದ ಮೈಯೂ ಉಳ್ಳ ಶರಭವನ್ನು ಗುರುತಾಗಿ ಇಟ್ಟುಕೊಂಡ ಮೈಸೂರು ಸರ್ಕಾರದ ಸರಕೂ ಬ್ರಿಟಿಷ್ ಇಂಡಿಯಾದ ಅಂಗಡಿ ಸೇರುವಾಗ ಇನ್ನೊಂದು ಕಾನೂನಿನ ನೆಲಕ್ಕೆ ಕಾಲಿಡುತ್ತಿತ್ತು. ಸರಕಿಗೆ ಗಾಲಿಯುಂಟು, ಹಡಗುಂಟು. ಹೆಸರಿನ ಹಕ್ಕಿಗೆ ಕಾಲಿಲ್ಲ. ಅದು ನೆಟ್ಟ ನೆಲದಲ್ಲಿಯೇ ಬೇರು ಬಿಡುತ್ತದೆ.

1949ರಲ್ಲಿ ಬರೋಡಾ ಸಂಸ್ಥಾನ ಮುಂಬಯಿಯೊಡನೆ ವಿಲೀನವಾಯಿತು. ದೇಶದೊಳಗಿನ ಇಂಥ ಗಡಿಗಳು ಒಂದೊಂದಾಗಿ ಅಳಿದವು. ಇಂದು ನಡೆಯುತ್ತಿರುವುದು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ 1999ರ ಕಾಯಿದೆ. ರಕ್ಷಣೆಯ ಅವಧಿ ಈಗ ಹತ್ತು ವರ್ಷ. ಗುಜರಾತಿನ ಅರ್ಜಿಗಳು ಅಹಮದಾಬಾದಿನ ಕಚೇರಿಗೆ ಸಲ್ಲುತ್ತವೆ, ಕರ್ನಾಟಕದವು ಚೆನ್ನೈಗೆ. ಯಾವ ಕಚೇರಿಯಲ್ಲಿ ಸಲ್ಲಿಸಿದರೂ ಸಿಕ್ಕುವ ಹಕ್ಕು ದೇಶಕ್ಕೆಲ್ಲ ಒಂದೇ.

ಆ ಹಕ್ಕಿಗೂ ಮಿತಿಗಳುಂಟು. ಹೆಸರನ್ನು ನೋಂದಾಯಿಸುವುದು ನಿರ್ದಿಷ್ಟ ವರ್ಗದ ಸರಕು ಅಥವಾ ಸೇವೆಗೆ. ಅಂಥ ವರ್ಗಗಳು 45 ಇವೆ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ‘ನಂದಿನಿ’ಯನ್ನು ಬಳಸುತ್ತಿತ್ತು, ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲು 1989ರಿಂದ. ಇಬ್ಬರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರಲ್ಲಿ ಹೋಟೆಲಿನ ಪರವಾಗಿ ತೀರ್ಮಾನವಾಯಿತು. ಹಾಲಿನ ನಂದಿನಿಯೂ ಊಟದ ನಂದಿನಿಯೂ ಜೊತೆಗೆ ಬಾಳಬಹುದೆಂಬುದು ಅದರ ಸಾರ. ಇನ್ನು ‘ಉಡುಪಿ’ಯಂಥ ಊರಿನ ಹೆಸರನ್ನು ಒಬ್ಬರೇ ತಮ್ಮದೆನ್ನುವುದು ಕಷ್ಟ. ಆದ್ದರಿಂದಲೇ ಗುಜರಾತಿನ ಯಾವ ಪಟ್ಟಣದಲ್ಲಿ ದೋಸೆಯ ಕಾವಲಿ ಕಾದರೂ ಫಲಕದ ಮೇಲೆ ಆ ಮಾತಿರಬಹುದು. ಮಾಲೀಕನಿಗೆ ತನ್ನದಾಗಿ ಉಳಿಯುವುದು ಅದರ ಹಿಂದು ಮುಂದಿನ ವಿಶೇಷ ಪದವೋ ಚಿತ್ರವೋ ಅಷ್ಟೆ.

ಈಗ ಕಡಲಾಚೆ ನೋಡೋಣ. ಕೊಲ್ಲಿಯ ನಾಡುಗಳಿಗೂ ನಮಗೂ ಇದ್ದ ನಂಟು ಎಂಥದೆಂದರೆ, ಅಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಆ ನಾಡುಗಳಿಗೆಂದೇ 1959ರಲ್ಲಿ ರಿಸರ್ವ್ ಬ್ಯಾಂಕು ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ದುಬೈ ಮುಂತಾದೆಡೆ 1966ರವರೆಗೂ ಅವು ನಡೆದವು. ನಮ್ಮ ರೂಪಾಯಿ ಸಲ್ಲುತ್ತಿದ್ದ ನೆಲದಲ್ಲಿ ನಮ್ಮ ಹೆಸರೂ ಸಲ್ಲುತ್ತದೆ ಎಂಬ ನಂಬಿಕೆ ಹಿರಿಯರಲ್ಲಿ ಬೆಳೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನಂಬಿಕೆಗೆ ಕಾನೂನಿನ ಆಧಾರವಿಲ್ಲ. ಅಹಮದಾಬಾದಿನಲ್ಲಿ ಪಡೆದ ಪ್ರಮಾಣಪತ್ರ ಒಂದು ಕಾಲಕ್ಕೆ ವಡೋದರಾದ ಗಡಿಯಲ್ಲಿ ನಿಂತಂತೆ, ಇಂದು ದುಬೈಯ ಗಡಿಯಲ್ಲಿ ನಿಲ್ಲುತ್ತದೆ.

ಇದು ನಮಗಷ್ಟೇ ಆದ ಅನ್ಯಾಯವೆಂದು ಕೊರಗಬೇಕಾಗಿಲ್ಲ. ಟೊಯೋಟಾ ಕಂಪನಿ 1997ರಲ್ಲಿ ಜಪಾನಿನಲ್ಲಿ ‘ಪ್ರಿಯಸ್’ ಕಾರನ್ನು ಬಿಡುಗಡೆ ಮಾಡಿತು. ಭಾರತದ ಬಿಡಿಭಾಗಗಳ ಸಂಸ್ಥೆಯೊಂದು 2001ರಿಂದ ಅದೇ ಹೆಸರನ್ನು ಬಳಸಿತು. ಆ ವೇಳೆಗೆ ಹೆಸರಿನ ಕೀರ್ತಿ ಭಾರತವನ್ನು ತಲುಪಿತ್ತೆಂದು ತೋರಿಸಲಾಗದೆ ಟೊಯೋಟಾ 2017ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಕೀರ್ತಿ ಗಡಿ ದಾಟಿ ಬಂದಿದ್ದರೆ ಮಾತು ಬೇರೆ: 1977ರಲ್ಲಿ ಇಲ್ಲಿನ ನೋಂದಣಿಯನ್ನು ನವೀಕರಿಸದೆ ಬಿಟ್ಟಿದ್ದ ‘ವರ್ಲ್‌ಪೂಲ್’ ಕಂಪನಿಗೆ 1996ರಲ್ಲಿ ಅದೇ ನ್ಯಾಯಾಲಯ ರಕ್ಷಣೆ ಕೊಟ್ಟಿತು. ಆದರೆ ಜಗದ್ವಿಖ್ಯಾತರಿಗೆ ಒದಗುವ ಆ ಆಸರೆ ಸೂರತ್ತಿನ ಸೀರೆ ಅಂಗಡಿಗೋ ವಡೋದರಾದ ಉಪಾಹಾರ ಗೃಹಕ್ಕೋ ಒದಗೀತೆಂದು ನೆಚ್ಚಿ ಕೂರುವಂತಿಲ್ಲ.

ಆದ್ದರಿಂದ ಉಳಿದ ದಾರಿ ಅಲ್ಲಿಯೂ ನೋಂದಾಯಿಸುವುದು. ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳಿಗೆ ಸಮಾನವಾದ ವ್ಯಾಪಾರಮುದ್ರೆ ಕಾನೂನು ರೂಪುಗೊಂಡಿದ್ದರೂ ಒಂದೇ ಅರ್ಜಿಗೆ ಆರೂ ಕಡೆ ಹಕ್ಕು ಸಿಗುವುದಿಲ್ಲ. ದೇಶದೇಶಕ್ಕೂ ನೋಂದಣಿ ಬೇರೆ. ಇದನ್ನು ಹಗುರಗೊಳಿಸಲು ಮ್ಯಾಡ್ರಿಡ್ ಒಡಂಬಡಿಕೆ ಇದೆ. ಭಾರತ ಅದಕ್ಕೆ ಸೇರಿದ್ದು 2013ರ ಜುಲೈ 8ರಂದು. ಬಹರೇನ್ 2005ರಲ್ಲಿ, ಒಮಾನ್ 2007ರಲ್ಲಿ, ಸಂಯುಕ್ತ ಅರಬ್ ಸಂಸ್ಥಾನ 2021ರ ಕೊನೆಯಲ್ಲಿ ಸೇರಿದವು. ಇಲ್ಲಿನ ಅರ್ಜಿ ಅಥವಾ ನೋಂದಣಿಯನ್ನು ಆಧಾರವಾಗಿಟ್ಟುಕೊಂಡು, ಭಾರತದ ಕಚೇರಿಯ ಮೂಲಕವೇ ಈ ದೇಶಗಳನ್ನು ಹೆಸರಿಸಿ ಅರ್ಜಿ ಹಾಕಬಹುದು. ಆದರೂ ಪ್ರತಿಯೊಂದು ದೇಶವೂ ತನ್ನ ಕಾನೂನಿನಂತೆ ಪರಿಶೀಲಿಸಿ ಒಪ್ಪುತ್ತದೆ ಇಲ್ಲವೇ ನಿರಾಕರಿಸುತ್ತದೆ. ಮೊದಲ ಐದು ವರ್ಷಗಳೊಳಗೆ ಇಲ್ಲಿನ ಆಧಾರ ಬಿದ್ದುಹೋದರೆ ಅಲ್ಲಿನ ರಕ್ಷಣೆಯೂ ಅದರೊಡನೆ ಬೀಳುತ್ತದೆ. ತಾಯಿಬೇರು ಊರಿನಲ್ಲಿಯೇ ಗಟ್ಟಿಯಾಗಿರಬೇಕು. ಇಲ್ಲಿ ಮೊದಲ ಅರ್ಜಿ ಹಾಕಿದ ಆರು ತಿಂಗಳೊಳಗೆ ಅಲ್ಲಿಯೂ ಹಾಕಿದರೆ ಇಲ್ಲಿನ ದಿನಾಂಕದ ಆದ್ಯತೆಯನ್ನು ಕೇಳಬಹುದು. ಭಾರತ 1998ರಲ್ಲಿ ಪ್ಯಾರಿಸ್ ಒಪ್ಪಂದವನ್ನು ಸೇರಿದ್ದರಿಂದ ಬಂದ ಅನುಕೂಲ ಅದು.

ಕನ್ನಡಿಗರು ಗಮನಿಸಬೇಕಾದ ಸಣ್ಣ ಸಂಗತಿ ಇನ್ನೊಂದಿದೆ. ಅರಬ್ಬಿಯಲ್ಲಿ ‘ಪ’ಕಾರವಿಲ್ಲ, ಅದರ ಸ್ಥಾನಕ್ಕೆ ‘ಬ’ಕಾರ ಬರುತ್ತದೆ. ನಮ್ಮ ‘ಉಡುಪಿ’ ಅಲ್ಲಿನ ಫಲಕದ ಮೇಲೆ ‘ಉದುಬಿ’ ಆಗುತ್ತದೆ. ಗಿರಾಕಿಯ ಬಾಯಲ್ಲಿ ಹೆಸರು ಹೇಗೆ ಹೊರಳುತ್ತದೋ ಆ ರೂಪವನ್ನೂ ಮೊದಲೇ ಆಲೋಚಿಸಿ ಅರಬ್ಬೀ ಅಕ್ಷರಗಳಲ್ಲಿ ಭದ್ರಪಡಿಸಿಕೊಳ್ಳುವುದು ಒಳ್ಳೆಯದು.

ಹೆಸರು ಕೈತಪ್ಪುವುದು ಸಾಮಾನ್ಯವಾಗಿ ಅಪರಿಚಿತ ಕಳ್ಳನಿಂದಲ್ಲ. ಅಲ್ಲಿನ ವಿತರಕನೋ ಪಾಲುದಾರನೋ ‘ನೀವು ನಿಶ್ಚಿಂತೆಯಿಂದಿರಿ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ’ ಎಂದು ತನ್ನ ಹೆಸರಿಗೇ ಮುದ್ರೆಯನ್ನು ಬರೆಸಿಕೊಂಡಿರುತ್ತಾನೆ. ಸ್ನೇಹವಿರುವವರೆಗೆ ಅದು ತಿಳಿಯುವುದೇ ಇಲ್ಲ. ಸ್ನೇಹ ಮುರಿದ ದಿನ, ತಂದೆ ಒಲೆಯ ಮುಂದೆ ನಿಂತು ಗಳಿಸಿದ ಹೆಸರನ್ನು ಮಗ ತನ್ನ ಅಂಗಡಿಯ ಮೇಲೆ ಬರೆಯಲಾರ. ಆಗ ವ್ಯಾಜ್ಯ ಹೂಡಬಹುದು. ಆದರೆ ಪರದೇಶದಲ್ಲಿ, ಪರಭಾಷೆಯಲ್ಲಿ, ಮೊದಲು ಬರೆಸಿಕೊಂಡವನ ಎದುರು ನಿಂತು ತನ್ನದೇ ಹೆಸರಿಗೆ ಸಾಕ್ಷಿ ಹೇಳಬೇಕು.

ಮರಳಿ ಆ ತಾಮ್ರದ ನಾಣ್ಯವನ್ನು ನೆನೆಯೋಣ. ಒಂದು ಮುಖದಲ್ಲಿ ವರ್ತಕನ ಗುರುತು, ಇನ್ನೊಂದರಲ್ಲಿ ನ್ಯಾಯದ ತಕ್ಕಡಿ. ಗುರುತನ್ನು ಗಳಿಸುವುದು ದುಡಿಮೆ. ಅದನ್ನು ನಮ್ಮ ಹಿರಿಯರು ಈ ಮೂರು ನಗರಗಳಲ್ಲಿಯೂ ಬೆವರು ಸುರಿಸಿ ಗಳಿಸಿದ್ದಾರೆ. ತಕ್ಕಡಿಯ ಮುಖವನ್ನು ಅವರು ನೋಡದೆ ಬಿಟ್ಟಿದ್ದರೆ ಅದಕ್ಕೆ ಕಾಲವೂ ಕಾರಣವಾಗಿತ್ತು. ನಮಗೆ ಆ ನೆಪವಿಲ್ಲ. ಮಕ್ಕಳು ವಿಮಾನವೇರುವ ಮೊದಲು ಮನೆಯ ಹೆಸರಿಗೂ ಒಂದು ರಹದಾರಿ ಮಾಡಿಸಿ ಕಳುಹಿಸೋಣ.