ಸೌದಿ ಡೈರಿ, ಭಾಗ 9: ಖರ್ಜೂರದ ಊರಿನಲ್ಲಿ ಸ್ಕರ್ವಿ

ಹೋದ ವಾರ ನೈಟ್ ಡ್ಯೂಟಿ, ಬರೆಯೋಕೆ ಆಗಲಿಲ್ಲ. "ಯುದ್ಧದ ಕಥೆ ಬರೀತೀನಿ ಅಂದಿದ್ದೆ, ಎಲ್ಲೇ?" ಅಂತ ಅಮ್ಮ ಫೋನಿನಲ್ಲಿ ಕೇಳಿದ ಮೇಲೆ ಇವತ್ತು ಕೂತೆ.

ನಾನಿರುವ ತಬೂಕ್‌ನಲ್ಲಿ ಹಿಜಾಜ್ ರೈಲ್ವೆಯ ಹಳೇ ಸ್ಟೇಷನ್ ಇದೆ, ಈಗ ಅದು ಮ್ಯೂಸಿಯಂ. ಆಟೊಮನ್ ತುರ್ಕರು ಡಮಾಸ್ಕಸ್‌ನಿಂದ ಮದೀನಾಕ್ಕೆ ಹಾಕಿದ ಸುಮಾರು 1,300 ಕಿಲೋಮೀಟರ್ ಹಳಿ 1908ರಲ್ಲಿ ಮುಗಿಯಿತು. ಹಜ್ ಮುಗಿಸಿ ಬರುವವರಿಂದ ಕಾಲರಾ ಹರಡಬಾರದು ಅಂತ ತಬೂಕ್‌ನಲ್ಲೇ ಕ್ವಾರಂಟೈನ್ ಮಾಡಿದ್ದರು. ಕೊರೋನಾ ಕಾಲದಲ್ಲಿ ನಾವು ಮಾಡಿದ್ದು ಹೊಸದೇನಲ್ಲ!

1916ರ ಜೂನ್‌ನಲ್ಲಿ ಮೆಕ್ಕಾದ ಷರೀಫ್ ಹುಸೇನ್ ತುರ್ಕರ ವಿರುದ್ಧ ಎದ್ದರು. ಒಂದೇ ಸಾಮ್ರಾಜ್ಯದ ಪ್ರಜೆಗಳು, ಒಂದೇ ಧರ್ಮದವರು, ಎರಡು ಕಡೆ. ಮೆಕ್ಕಾ ಬೇಗ ಕೈಬಿಟ್ಟಿತು. ಮದೀನಾವನ್ನು ಮಾತ್ರ ಫಖ್ರಿ ಪಾಷಾ ಎಂಬ ಸೇನಾಪತಿ ಎರಡೂವರೆ ವರ್ಷ ಹಿಡಿದುಕೊಂಡು ಕೂತರು. ಅವರಿಗೆ ಅಕ್ಕಿ, ಹಿಟ್ಟು, ಔಷಧ ಎಲ್ಲ ಬರಬೇಕಾದ್ದು ಈ ರೈಲಿನಲ್ಲೇ. ಆ ಹಳಿಗೇ ಅರಬರು ಮತ್ತೆ ಮತ್ತೆ ಡೈನಮೈಟ್ ಇಟ್ಟರು. ಊಟ ಸಾಲದೆ ಫಖ್ರಿ ಊರಿನ ಹೆಚ್ಚಿನ ಜನರನ್ನು ರೈಲು ಹತ್ತಿಸಿ ಹೊರಗೆ ಕಳಿಸಿದರು. 1918ರಲ್ಲಿ ಮಆನ್‌ನ ದಕ್ಷಿಣಕ್ಕೆ ಹಳಿ ತುಂಡಾಗಿ ರೈಲೇ ನಿಂತಿತು.

ಆಮೇಲೆ ಸೈನಿಕರನ್ನು ಕೊಂದದ್ದರಲ್ಲಿ ಗುಂಡಿಗಿಂತ ಹಸಿವು, ಕಾಯಿಲೆಗಳ ಪಾಲು ದೊಡ್ಡದು. ಮಿಡತೆ ತಿನ್ನಿ, ಒಳ್ಳೆಯ ಆಹಾರ ಅಂತ ಫಖ್ರಿ ಸುತ್ತೋಲೆಯನ್ನೇ ಹೊರಡಿಸಿದರು. ಜೊತೆಗೆ ಸ್ಕರ್ವಿ ಬಂತು.

ಮದೀನಾ ಅಂದರೆ ಖರ್ಜೂರದ ಊರು, ಅಲ್ಲಿ ಸ್ಕರ್ವಿ ಹೇಗೆ ಅಂತ ನನಗೂ ಅನಿಸಿತ್ತು. ಒಣ ಖರ್ಜೂರದಲ್ಲಿ ಶಕ್ತಿ ಇದೆ, ವಿಟಮಿನ್ ಸಿ ಇಲ್ಲವೆಂಬಷ್ಟು ಕಡಿಮೆ. ಅದಿಲ್ಲದೆ ಎರಡು ಮೂರು ತಿಂಗಳಾದರೆ ಒಸಡು ಊದಿ ರಕ್ತ ಬರುತ್ತದೆ, ಕಾಲಿನ ಮೇಲೆ ಕೆಂಪು ಚುಕ್ಕೆ ಏಳುತ್ತದೆ, ಮಾಗಿದ ಹಳೇ ಗಾಯವೂ ಬಿಚ್ಚಿಕೊಳ್ಳುತ್ತದೆ. ಆಗ ಎಷ್ಟು ಡ್ರೆಸ್ಸಿಂಗ್ ಮಾಡಿದರೂ ಅಷ್ಟೇ. ನಿಂಬೆ, ಕಿತ್ತಳೆ ಕೊಟ್ಟರೆ ವಾಸಿಯಾಗುತ್ತದೆ ಅಂತ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲೇ ತೋರಿಸಿದ್ದ. ಮದ್ದು ಗೊತ್ತಿತ್ತು, ಅದನ್ನು ತರುವ ದಾರಿ ಇರಲಿಲ್ಲ.

ಇದೇ ಮಹಾಯುದ್ಧದಲ್ಲಿ ಇರಾಕಿನ ಕೂತ್‌ನಲ್ಲಿ ಉಲ್ಟಾ. ಅಲ್ಲಿ ತುರ್ಕರು ಮುತ್ತಿದ್ದರು, ಒಳಗಿದ್ದದ್ದು ಬ್ರಿಟಿಷರು ಮತ್ತು ನಮ್ಮ ಭಾರತದ ಸಿಪಾಯಿಗಳು. ಕುದುರೆ ಮಾಂಸ ಒಲ್ಲೆ ಎಂದ ನಮ್ಮವರಿಗೆ ಸ್ಕರ್ವಿ, ಮೈದಾ ಬ್ರೆಡ್ ತಿಂದ ಬ್ರಿಟಿಷರಿಗೆ ಬೆರಿಬೆರಿ. 1916ರ ಏಪ್ರಿಲ್ 29ಕ್ಕೆ ಶರಣಾದರು. ಮದೀನಾ ಶರಣಾದದ್ದು 1919ರ ಜನವರಿಯಲ್ಲಿ, ತುರ್ಕರು ಕದನವಿರಾಮಕ್ಕೆ ಸಹಿ ಹಾಕಿ ಎರಡು ತಿಂಗಳು ಕಳೆದ ಮೇಲೆ. ಸೇನಾಪತಿಯ ಹಠಕ್ಕೆ ಬೆಲೆ ತೆತ್ತವರು ವಾರ್ಡಿನಲ್ಲಿ ಮಲಗಿದ್ದವರು.

ಇದನ್ನೆಲ್ಲ ಯಾಕೆ ಓದಿದೆ ಅಂದರೆ, ಕೆಲವು ತಿಂಗಳ ಹಿಂದೆ ಮರುಭೂಮಿಯಲ್ಲಿ ಕುರಿ ಕಾಯುವ ನಮ್ಮ ಕಡೆಯವರೊಬ್ಬರು ಬಂದರು. ಒಸಡಿನಲ್ಲಿ ರಕ್ತ, ಕಾಲೆಲ್ಲ ಚುಕ್ಕೆ. ಕ್ಯಾನ್ಸರ್ ಅಂತ ಹೆದರಿದ್ದರು. "ಅಣ್ಣಾ, ದಿನಾ ಏನು ತಿಂತೀರಾ?" ಅಂತ ಕನ್ನಡದಲ್ಲಿ ಕೇಳಿದೆ. "ಖುಬ್ಜ್ ಮತ್ತೆ ಚಾ ಸಿಸ್ಟರ್, ಎಂಟು ತಿಂಗಳಿಂದ." ಡಾಕ್ಟರಿಗೆ ಹೇಳಿದೆ. ವಿಟಮಿನ್ ಸಿ ಶುರುವಾಗಿ ಕೆಲವೇ ದಿನಕ್ಕೆ ರಕ್ತ ನಿಂತಿತು. ನೂರು ವರ್ಷದ ಹಿಂದಿನ ಸಿಪಾಯಿಗೆ ಹಳಿ ತುಂಡಾಗಿತ್ತು. ಇವರಿಗೆ ಮಾರ್ಕೆಟ್ ಒಂದು ಗಂಟೆ ದೂರದಲ್ಲಿತ್ತು, ಕರೆದುಕೊಂಡು ಹೋಗುವವರು ಇರಲಿಲ್ಲ.

ನಿಮ್ಮ ಮನೆಯವರು ಗಲ್ಫ್‌ನಲ್ಲಿದ್ದರೆ "ಊಟ ಆಯ್ತಾ?" ಅಂತ ಕೇಳಿ ಸುಮ್ಮನಾಗಬೇಡಿ. "ಏನು ಊಟ ಮಾಡಿದೆ?" ಅಂತ ಕೇಳಿ.

ಅಮ್ಮಾ, ನಾನು ದಿನಾ ನಿಂಬೆಹಣ್ಣು ತಿಂತಾ ಇದ್ದೀನಿ, ಚಿಂತೆ ಮಾಡಬೇಡ.