ಪಾತ್ರೆಯ ತಳದ ನೀರು

ಕಾಲು ತೊಳೆದುಕೊಂಡ ಬುದ್ಧ ಪಾತ್ರೆಯ ತಳದಲ್ಲಿ ಒಂದಿಷ್ಟು ನೀರು ಉಳಿಸಿ ಮಗ ರಾಹುಲನಿಗೆ ತೋರಿಸುತ್ತಾನೆ. ಗೊತ್ತಿದ್ದೂ ಸುಳ್ಳಾಡಲು ನಾಚದವನ ಸಾಧನೆ ಇಷ್ಟೇ ಎನ್ನುತ್ತಾನೆ. ಆ ನೀರನ್ನೂ ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕುತ್ತಾನೆ. ಆಮೇಲೆ ಕನ್ನಡಿಯ ಮಾತು: ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಂತೆ, ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ ಪ್ರತಿ ಕೆಲಸವನ್ನೂ ನೋಡಿಕೊಳ್ಳಬೇಕು; ಇದರಿಂದ ನನಗಾಗಲಿ ಪರರಿಗಾಗಲಿ ನೋವಾದೀತೇ ಎಂದು. ಪಾಲಿ ಭಾಷೆಯ ಉಪದೇಶ ಸಂಗ್ರಹಗಳಲ್ಲಿ (ನಿಕಾಯಗಳಲ್ಲಿ) ಒಂದಾದ ಮಜ್ಝಿಮ ನಿಕಾಯದ 152 ಸುತ್ತಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಇದು 61ನೆಯದು. ಈ ಒಂದರ ಜಾಡು ಹಿಡಿದರೆ ಸುತ್ತಗಳ ಅಧ್ಯಯನ ನಡೆದುಬಂದ ದಾರಿಯೇ ಕಾಣುತ್ತದೆ.

ಮೊದಲಿಗೆ ಎಲ್ಲವೂ ಬಾಯಿಪಾಠ. ಒಂದೊಂದು ನಿಕಾಯವನ್ನೂ ಅದರ ಭಾಣಕರು, ಅಂದರೆ ಪಠಿಸುವ ಭಿಕ್ಷುಗಳು, ಕಂಠದಲ್ಲಿ ಕಾಪಾಡಿದರು. ಕನ್ನಡಿಯ ಪ್ರಶ್ನೆ ದೇಹ, ಮಾತು, ಮನಸ್ಸು ಮೂರಕ್ಕೂ ಮರಳಿ ಮರಳಿ ಬರುವುದು ಅದಕ್ಕೇ. ನೆನಪಿಗೆ ಪುನರಾವರ್ತನೆಯೇ ಆಸರೆ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಏಳು ಧರ್ಮಪಾಠಗಳನ್ನು ಹೆಸರಿಸಿ ಶಾಸನ ಹಾಕಿಸಿದ. 1840ರಲ್ಲಿ ರಾಜಸ್ಥಾನದ ಬೈರಾಟದ ಬಳಿ ಸಿಕ್ಕ ಆ ಕಲ್ಲಿನಲ್ಲಿ, ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಬುದ್ಧಿಮಾತಿನ ಹೆಸರೂ ಇದೆ. ಭಿಕ್ಷು ಭಿಕ್ಷುಣಿಯರಷ್ಟೇ ಅಲ್ಲ, ಉಪಾಸಕ ಉಪಾಸಿಕೆಯರೂ ಇವನ್ನು ಕೇಳಿ ಮನನ ಮಾಡಬೇಕೆಂಬುದು ಅರಸನ ಬಯಕೆ. ಓದು ಬದುಕಿಗಾಗಿ ಎಂಬ ತಿಳಿವು ಅಷ್ಟು ಹಳೆಯದು.

ಕ್ರಿ.ಪೂ. ಮೊದಲ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಈ ನಿಕಾಯಗಳನ್ನೊಳಗೊಂಡ ತಿಪಿಟಕ ಬರಹಕ್ಕಿಳಿಯಿತು. ಆದರೂ ಗೃಹಸ್ಥರಿಗೆ ಅದು ತಲುಪುತ್ತಿದ್ದುದು ಬಹುಮಟ್ಟಿಗೆ ಭಿಕ್ಷುಗಳ ಪ್ರವಚನದಿಂದಲೇ. 19ನೇ ಶತಮಾನದಲ್ಲಿ ಎರಡು ಬಾಗಿಲು ತೆರೆದವು. 1881ರಲ್ಲಿ ಪಾಲಿ ವಿದ್ವಾಂಸ ರೈಸ್ ಡೇವಿಡ್ಸ್ ಲಂಡನ್ನಿನಲ್ಲಿ ಪಾಲಿ ಟೆಕ್ಸ್ಟ್ ಸೊಸೈಟಿ ಕಟ್ಟಿದರು. 1888ರಲ್ಲಿ ಟ್ರೆಂಕ್ನರ್ ಸಂಪಾದಿಸಿದ ಮಜ್ಝಿಮದ ಮೊದಲ ಸಂಪುಟ ಹೊರಬಂತು. ಇತ್ತ ಬರ್ಮಾದಲ್ಲಿ ಭಿಕ್ಷು ಲೆಡಿ ಸಯಾಡೊ (1846–1923) ಸಂಸಾರಿಗಳಿಗೂ ತಿಳಿಯುವಂತೆ ಬರ್ಮೀ ಭಾಷೆಯಲ್ಲೇ ಬರೆದು, ಓದನ್ನೂ ಧ್ಯಾನವನ್ನೂ ಜೊತೆಯಾಗಿಸಿದರು. ಪಾಠಶುದ್ಧಿಯ ಶ್ರಮ ಒಂದು ಕಡೆ, ಆಚರಣೆಯ ಹಸಿವು ಇನ್ನೊಂದು ಕಡೆ. ಇವೆರಡೂ ಕೂಡಿದ್ದೇ 20ನೇ ಶತಮಾನದ ದೊಡ್ಡ ಗಳಿಕೆ. 1958ರಲ್ಲಿ ಶುರುವಾದ ಕ್ಯಾಂಡಿಯ ಬುದ್ಧಿಸ್ಟ್ ಪಬ್ಲಿಕೇಷನ್ ಸೊಸೈಟಿಯ ಕಿರುಹೊತ್ತಿಗೆಗಳೂ, 1995ರಲ್ಲಿ ಬಂದ ಭಿಕ್ಖು ಬೋಧಿಯವರ ಮಜ್ಝಿಮದ ಇಂಗ್ಲಿಷ್ ಆವೃತ್ತಿಯೂ ಆ ಕೂಡಿಕೆಯ ಫಲ.

ಆಮೇಲಿನದು ಹೋಲಿಕೆಯ ಕಾಲ. 397–398ರಲ್ಲಿ ಚೀನೀ ಭಾಷೆಗೆ ಹೋದ, ಮಜ್ಝಿಮಕ್ಕೆ ಸಾಟಿಯಾದ ಮಧ್ಯಮ ಆಗಮವನ್ನು ಪಾಲಿಯ ಪಕ್ಕ ಇಟ್ಟು ಭಿಕ್ಖು ಅನಾಲಯೋ 2011ರಲ್ಲಿ ವಿಸ್ತಾರವಾದ ತುಲನೆ ಪ್ರಕಟಿಸಿದರು. ಬೇರೆ ನಾಡು, ಬೇರೆ ನುಡಿ; ಆ ಪಾತ್ರೆ, ಆ ಕನ್ನಡಿ ಮಾತ್ರ ಅಲ್ಲೂ ಇವೆ. ಇನ್ನು ನಮ್ಮಲ್ಲಿ, ಕನ್ನಡಿಗರಿಗೆ ಪಾಲಿ ಸಾಹಿತ್ಯದ ರುಚಿ ಹತ್ತಿಸಿದವರು ಸಾಹಿತಿ ಜಿ.ಪಿ. ರಾಜರತ್ನಂ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಬೌದ್ಧ ಸಂಸ್ಥೆಯಾದ ಮಹಾಬೋಧಿ ಸೊಸೈಟಿ ಸ್ಥಾಪಿಸಿದರು.

ಇಂದು ಎಲ್ಲ ನಿಕಾಯಗಳೂ ಮೊಬೈಲಿನಲ್ಲಿವೆ. ಹಾಗಾಗಿಯೇ ನಿಧಾನ ಬೇಕು. ಒಂದು ವಾರಕ್ಕೆ ಒಂದೇ ಸುತ್ತ ಸಾಕು. ಒಂದು ದಿನ ಸಾಲ ಕೇಳಲು ಯಾರೋ ಬಾಗಿಲು ತಟ್ಟುತ್ತಾರೆ. "ಅಪ್ಪ ಮನೇಲಿಲ್ಲ ಅಂತ ಹೇಳು" ಎಂದು ಮಗುವನ್ನು ಕಳಿಸುವ ಮಾತು ನಾಲಗೆಯ ತುದಿಗೆ ಬರುತ್ತದೆ. ಆಗ ಪಾತ್ರೆಯ ತಳದ ಆ ನೀರು ನೆನಪಾಗಿ, ನಾವೇ ಎದ್ದು ಬಾಗಿಲಿಗೆ ಹೋದರೆ, ಓದಿದ್ದು ದಕ್ಕಿತು.